ಪೆನಾಂಗಿನಲ್ಲಿ ಬೈ ಟೂ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದು ಇಡೀ ದೋಸೆ ತಿಂದವರಲ್ಲ ಎಂದರೆ ನೀವು ನಂಬುವುದಿಲ್ಲ. ಹೋಗಲಿ, ಮದುವೆಯಾದಾಗಿನಿಂದ ಎಂದು ತಿದ್ದಿಕೊಳ್ಳುತ್ತೇನೆ, ಈಗಲಾದರೂ ನಂಬಿ! ಕಾಕೂ ಜೊತೆ ಹೋಟೆಲಿಗೆ ಹೋದರೆ ದೋಸೆ, ಮಿಸಳ್, ಚಹಾ ಎಲ್ಲವೂ ಬೈ ಟೂ. ಪುಣೆಯ ಸ್ವಾರಗೇಟಿನ ಹತ್ತಿರದ ಉಡುಪಿ ಹೋಟೆಲಿನವರಂತೂ ಇವರಿಬ್ಬರು ಬಾಗಿಲಲ್ಲಿ ಕಂಡರೆ ಸಾಕು, ಕೇಳದೆಯೇ ಖಾಲಿ ಪ್ಲೇಟೊಂದನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಜಿಪುಣತನವೇ? ಛೆ! ಧಾರವಾಡದಿಂದ ಪುಣೆಗೆ ಬಂದ ಹೊಸದರಲ್ಲಿ ಶುರುವಾದ ರೂಢಿ. ಆಮೇಲೆ ಇಡೀ ಪ್ಲೇಟು ತಿನ್ನುವುದು ಹೇಗೆಂಬುದೇ ಕಾಕಾಗೆ ಮರೆತುಹೋಯಿತು.

ಕಳೆದ ವರ್ಷ ಕಾಕೂಗೆ ಅನ್ನನಾಳದ ಆಪರೇಶನ್ ಆಯಿತು. ಗುಣವಾದ ಮೇಲೆ ಡಾಕ್ಟರು, ಇನ್ನು ಮೆತ್ತಗಿನದೇನಾದರೂ ತಿನ್ನಬಹುದು ಎಂದರು. ಆದರೆ ಮೊದಲ ದಿನವೇ ಅನ್ನದ ಅಗುಳೊಂದು ಸಿಕ್ಕಿಕೊಂಡು ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಕಾಕೂ ನೀರುಗಂಜಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಕಾಕಾ ಏನು ಮಾಡಿದರು ಗೊತ್ತೇ? ತಮ್ಮ ತಟ್ಟೆಯ ಭಕ್ರಿಯನ್ನು ಎರಡು ಭಾಗ ಮಾಡಿ, ಒಂದನ್ನು ತಿಂದು, ಇನ್ನೊಂದನ್ನು ಹಾಗೇ ಬಿಟ್ಟು ಏಳತೊಡಗಿದರು. ದಿನೇ ದಿನೇ ಅಂಗಿಯೊಳಗೆ ಮನುಷ್ಯ ಸಣ್ಣಗಾಗುತ್ತ ಹೋದರು.

ಒಂದು ದಿನ ಕಾಕೂ ನನ್ನನ್ನು ಕರೆಸಿ, ಕೈಗೊಂದು ಪಟ್ಟಿ ಕೊಟ್ಟರು. ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ನೋಡಿ ನೋಡಿ ಬರೆದಿಟ್ಟ, ಮಲೇಶಿಯಾದ ಪೆನಾಂಗಿನ ತಿಂಡಿಗಳು.

"ಅಲ್ಲೆ ಒಂದ ಓಣ್ಯಾಗ ಮಲಯಾ, ಚೀನಾ, ತಮಿಳು, ಮೂರೂ ಅಡಗಿ ಸಿಗತಾವಂತ. ನನ್ನ ಮುಂದ ಇವರಿಗೆ ತುತ್ತ ಇಳಿಯಂಗಿಲ್ಲೋ ತಮ್ಮಾ. ಕರಕೊಂಡ ಹೋಗಿ ಹೊಟ್ಟಿ ತುಂಬ ತಿನಿಸ್ಕೊಂಡ ಬಾ. ನಾ ಇಲ್ಲೆ ತಂಗೀನ್ನ ಕರಸ್ಕೋತೇನಿ."

ಕಾಕಾ ಹತ್ತು ದಿನ ಒಲ್ಲೆನೆಂದರು. ಕಾಕೂ ಗಂಜಿಯನ್ನೂ ಬಿಡುತ್ತೇನೆಂದು ಹೆದರಿಸಿದ ಮೇಲೆ ಬ್ಯಾಗು ತುಂಬಿದರು.

ಪುಣೆಯಲ್ಲಿ ನಮ್ಮ ಮಂದಿಗೊಂದು ಚಟವಿದೆ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಾಕಾಗೆ ಪೆನಾಂಗೂ ಹೊಸ್ತಿಲಾಚೆಯ ಊರೇ ತಾನೇ? ಬೆಂಕಿಯೆದುರು ಅಕ್ಕಿಯ ಅಗಲ ಶ್ಯಾವಿಗೆ ಹುರಿಯುತ್ತಿದ್ದ ಚೀನೀ ಅಜ್ಜನಿಗೆ ಗಂಭೀರವಾಗಿ ಹೇಳಿದರು:

"ಭಾವೂ, ಏಕಾತ್ ದೋನ್ ಕರಾ!"

ಒಂದರಲ್ಲಿ ಎರಡು ಮಾಡಪ್ಪಾ ಎಂದು! ಜೊತೆಗೆ ಎರಡು ಬೆರಳನ್ನೂ ತೋರಿಸಿದರು. ಅಜ್ಜ ತಲೆಯಾಡಿಸಿ ತುಂಬಿ ತುಳುಕುವ ಎರಡು ಪ್ಲೇಟು ತಂದಿಟ್ಟ. ಕಾಕಾ ಎರಡನ್ನೂ ನೋಡಿ, "ಈಗ ನಾಕ ಮಂದಿ ಬೇಕಲ್ಲೋ" ಎಂದರು.

ಲಕ್ಸಾ ಎಂಬ ಹುಳಿಸಾರನ್ನು ಮೀನಿಲ್ಲದೆ ಮಾಡಿಸಿಕೊಂಡರು, ಅರ್ಧ. ತಮಿಳರ ಒತ್ತುಶ್ಯಾವಿಗೆ, ಅರ್ಧ. ಶೇಂಗಾ ತುಂಬಿ ಮಡಿಸಿದ ದೋಸೆಗೆ "ಇದು ನಮ್ಮ ಶೇಂಗಾ ಹೋಳಿಗಿ ದೂರದ ಬೀಗರು" ಎಂದು ಸರ್ಟಿಫಿಕೇಟು ಕೊಟ್ಟರು, ತಿಂದದ್ದು ಅರ್ಧವೇ. ಉಳಿದರ್ಧಗಳೆಲ್ಲ ಎಲ್ಲಿಗೆ ಹೋದವು ಎಂದು ಕೇಳಬೇಡಿ. ಕಾಕೂ ಕಳಿಸಿದ್ದು ಅವರು ದಪ್ಪವಾಗಲೆಂದು, ಹೊಟ್ಟೆ ಬಂದದ್ದು ನನಗೆ!

ದಿನಾ ಸಂಜೆ ವಿಡಿಯೋ ಕಾಲ್.

"ಪೂರಾ ತಿಂದ್ರೇನು? ಪ್ಲೇಟ್ ತೋರಸ್ರಿ."

ಕಾಕಾ ಕಣ್ಣು ಮಿಟುಕಿಸದೆ ನಾನು ನೆಕ್ಕಿಟ್ಟ ಪ್ಲೇಟನ್ನು ಎತ್ತಿ ತೋರಿಸುತ್ತಿದ್ದರು.

ಪಟ್ಟಿಯ ಕೊನೆಯಲ್ಲಿ ಚೆಂಡೋಲ್ ಇತ್ತು. ತೆಂಗಿನ ಹಾಲು, ಕರಿಬೆಲ್ಲದ ಪಾಕ, ಐಸಿನ ಪುಡಿ, ಅದರಲ್ಲಿ ತೇಲುವ ಅಕ್ಕಿಹಿಟ್ಟಿನ ಮೆತ್ತನೆಯ ಹಸಿರು ಎಳೆಗಳು. ಕಾಕಾ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿದರು. ಹಸಿರು ಎಲ್ಲಿಂದ ಬಂತೆಂದು ಕೈಸನ್ನೆಯಲ್ಲಿ ಕೇಳಿದಾಗ ಅಂಗಡಿಯಾಕೆ ಒಂದು ಉದ್ದನೆಯ ಎಲೆ ತೋರಿಸಿದಳು.

"ಲೇ, ಇದು ನಿಮ್ಮ ಕಾಕೂನ ಹೂಕುಂಡದಾಗಿನ ಆಂಬೆಮೋಹರ ಎಲಿ!"

ನಿಜ. ಪುಣೆಯಲ್ಲಿ ಅನ್ನ ಘಮಘಮಿಸಲೆಂದು ಹಾಕುವ ಆ ಎಲೆಯನ್ನು ಪಕ್ಕದ ಮನೆಯ ಮಾವಶಿ ಕೊಟ್ಟಿದ್ದರು, ಕಾಕೂ ಬಾಲ್ಕನಿಯಲ್ಲಿ ಬೆಳೆಸಿದ್ದರು. ಕಾಕಾ ಒಂದು ಚಮಚ ಬಾಯಿಗಿಟ್ಟರು.

"ಇದಕ್ಕ ಹಲ್ಲ ಬ್ಯಾಡ. ಗಂಟಲಿಗೂ ತ್ರಾಸಿಲ್ಲ. ತಾನ ಇಳೀತದ" ಎಂದರು. ಅವತ್ತು ಉಳಿದರ್ಧವನ್ನು ನನಗೆ ಕೊಡಲಿಲ್ಲ. ಅದು ಅವರೆದುರೇ ಕರಗಿ ನೀರಾಯಿತು.

ಪುಣೆಗೆ ಬಂದವರು ಚಪ್ಪಲಿ ಬಿಟ್ಟು ನೇರವಾಗಿ ಬಾಲ್ಕನಿಗೆ ಹೋದರು. ಎಲೆ ಕೊಯ್ದರು, ರುಬ್ಬಿದರು, ಹಿಟ್ಟು ಕಾಯಿಸಿದರು, ಶ್ಯಾವಿಗೆ ಒತ್ತಿನಲ್ಲಿ ಒತ್ತಿದರು. ಅಡುಗೆಮನೆಯಲ್ಲಿ ಹಸಿರಾಗದೆ ಉಳಿದ ಜಾಗವಿರಲಿಲ್ಲ! ಎಳೆಗಳು ಒಂದು ಗಿಡ್ಡ, ಒಂದು ದಪ್ಪ. ಒಂದೇ ಬಟ್ಟಲು, ಎರಡು ಚಮಚ.

"ನನಗ ಹೆದರಿಕಿ ಆಗತದ ರೀ" ಎಂದರು ಕಾಕೂ.

"ನನಗೂ ಆಗತದ" ಎಂದರು ಕಾಕಾ.

ಕಾಕೂ ಕಣ್ಣು ಮುಚ್ಚಿ ಅರ್ಧ ಚಮಚ ಬಾಯಿಗಿಟ್ಟುಕೊಂಡರು. ಒಂದು ಕೈ ಗಂಟಲ ಮೇಲೆ, ಇನ್ನೊಂದು ಕಾಕಾನ ಮುಂಗೈ ಮೇಲೆ. ನನಗೆ ಉಸಿರಾಡಲೂ ಭಯ. ಇಳಿಯಿತು. ಕಾಕೂ ಕಣ್ಣು ತೆರೆದರು.

"ಬೆಲ್ಲ ಕಡಿಮಿ ಆಗೇದ."

ಇನ್ನೂ ಎರಡು ಚಮಚ ತಿಂದು ಬಟ್ಟಲನ್ನು ಕಾಕಾ ಕಡೆಗೆ ಸರಿಸಿದರು. ಕಾಕಾ ತಲೆ ಬಗ್ಗಿಸಿಕೊಂಡು ತಿನ್ನತೊಡಗಿದರು. ಅರ್ಧ ದಾಟಿತು, ನಿಲ್ಲಿಸಲಿಲ್ಲ. ಕಣ್ಣೀರು ಮೂಗಿನ ತುದಿಯಿಂದ ಬಟ್ಟಲಿಗೇ ಬೀಳುತ್ತಿತ್ತು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಚಮಚದ ಸದ್ದು ನಿಂತಾಗ ಕಾಕೂ ಹೇಳಿದರು:

"ಎಲ್ಲೆ, ತೋರಸ್ರಿ. ಈ ಸಲ ಈ ತಮ್ಮ ನೆಕ್ಕಿದ್ದಲ್ಲ, ನೀವ ತಿಂದದ್ದು."

ಕಾಕಾ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು.