ಬಸ್ಸು ನಿಂತ ಕಾಲದ ದಾಂಪತ್ಯ

ಹೆಂಡತಿ ಸಿಟ್ಟಾಗಿ ತವರಿಗೆ ಹೋಗುವುದು ನಮ್ಮ ಹಳಿಯಾಳ, ಮುಂಡಗೋಡ ಕಡೆ ಸಂಸಾರ ಮುರಿಯುವ ಲಕ್ಷಣವಲ್ಲ, ಗಟ್ಟಿಯಾಗಿರುವ ಲಕ್ಷಣ. ಚೀಲ ತುಂಬಿಕೊಂಡು ಬಸ್ಸು ಹತ್ತುತ್ತಾಳೆ, ಅವ್ವ ಬಡಿದ ರೊಟ್ಟಿ ತಿನ್ನುತ್ತಾಳೆ, ಗಂಡನ ಅವಗುಣಗಳನ್ನೆಲ್ಲ ಮನಸಾರೆ ಹೇಳಿಕೊಳ್ಳುತ್ತಾಳೆ. ವಾರದ ಮೇಲೆ ಗಂಡ ಬಾಳೆಹಣ್ಣು ಹಿಡಿದು ಹೋಗಿ, ಮಾವನ ಮುಂದೆ ತಲೆ ತಗ್ಗಿಸಿ ಚಹಾ ಕುಡಿಯುತ್ತಾನೆ. ಸಂಜೆ ಬಸ್ಸಿಗೆ ಇಬ್ಬರೂ ವಾಪಸ್. ಆ ಚಹಾ ನಾನೂ ಬಹಳ ಸಲ ಕುಡಿದಿದ್ದೇನೆ. ಸಕ್ಕರೆ ಯಾವಾಗಲೂ ಕಡಿಮೆ.

ಕೊರೊನಾ ಬಂದು ಬಸ್ಸು ನಿಂತಿತು. ದಾಂಡೇಲಿಯ ಬಾಡಿಗೆ ಮನೆಯಲ್ಲಿ ನಾನೂ ಹೆಂಡತಿ ಗಂಗವ್ವನೂ ಹಗಲೆಲ್ಲ ಎದುರುಬದುರು. ಮುಂಡಗೋಡ ಹತ್ತಿರದ ಇಂದೂರು ಹಳ್ಳಿಯ ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಹಗಲು ಕಟ್ಟಿಗೆ ಅಡ್ಡೆಯಲ್ಲಿ ದುಡಿದು ಬಿ.ಎ. ಮಾಡಿದವನು, ಅದೂ ಸಮಾಜಶಾಸ್ತ್ರದಲ್ಲಿ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕದಲ್ಲೇ ತೂಗುಹಾಕಿದ್ದೇನೆ. ನಮ್ಮವ್ವ ಬಂದಾಗಲೆಲ್ಲ ಅದಕ್ಕೂ ಊದಿನಕಡ್ಡಿ ಬೆಳಗುತ್ತಾಳೆ; ನಾನು ಬೇಡವೆನ್ನುವುದಿಲ್ಲ. ಇಂಥವನು ಸುಮ್ಮನೆ ಕೂಡಲಾದೀತೇ? ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾವ ಕೆಲಸ ಮೊದಲು ಮಾಡಿದರೆ ವೇಳೆ ಉಳಿಯುತ್ತದೆಂದು ಗಂಗವ್ವನಿಗೆ ದಿನವೂ ತಿಳಿಸಿ ಹೇಳಿದೆ. ಅವಳು ಮಾತು ಬಿಟ್ಟಳು. ಆಮೇಲೆ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಳು.

ಆಟೊ ನಿಲ್ಲಿಸಿ ಖಾಲಿ ಕುಳಿತಿದ್ದ ನೆರೆಮನೆಯ ಇನಾಸ ಒಂದು ಮುಂಜಾನೆ ಕಟ್ಟೆಗೆ ಬಂದ. "ಸರ್ರ, ಕೆಲವು ರಾಜ್ಯದಾಗ ಡೈವೋರ್ಸ್ ಏರ್‍ಯಾವಂತ, ಕೆಲವು ಕಡೆ ಇಳದಾವಂತ. ಟಿವಿಯಾಗ ಹೇಳಾಕತ್ತಿದ್ರು. ಯಾಕ್ರಿ ಹಂಗ?"

ನನ್ನ ವಿಷಯವೇ ಸಿಕ್ಕಿತು. "ದೊಡ್ಡ ಊರಾಗ ವಕೀಲ ಫೋನಿನಾಗ ಸಿಗ್ತಾನ. ನಮ್ಮಲ್ಲೆ ತವರಿಗೂ ಬಸ್ಸ ಬೇಕು, ಕೋರ್ಟಿಗೂ ಬಸ್ಸ ಬೇಕು. ಬಸ್ಸಿಲ್ಲ, ಅದಕ್ಕ ಹೆಂಡ್ರು ಉಳದಾರ," ಎಂದೆ.

"ಓದಿದವ್ರು ಓದಿದವ್ರ ಬಿಡ್ರಿ!" ಎಂದ ಇನಾಸ. ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಹಳಿಯಾಳದಿಂದ ಗಂಗವ್ವನ ತಮ್ಮ ಸಿದ್ದು ಕಾಯಿಪಲ್ಲೆ ಗಾಡಿ ತಂದು ನಿಲ್ಲಿಸಿದ. ಗಾಜಿಗೆ ಲಾಕ್‌ಡೌನಿನಲ್ಲಿ ಓಡಾಡುವ ಪಾಸು ಅಂಟಿಸಿತ್ತು. ಗಂಗವ್ವ ಚೀಲ ಹಿಡಿದು ಹೊರಗೆ ಬಂದವಳೇ ಅದನ್ನು ಗಾಡಿಯ ಸೀಟಿನ ಮೇಲಿಟ್ಟಳು. ನಾನು ಕಟ್ಟೆಯಿಂದ ಎದ್ದು ನಿಂತೆ.

"ಬಸ್ಸಿಲ್ಲಂತ ಉಳದೀನೇನ್ರಿ ನಾ? ಈ ಗಾಡಿ ದಿನಾ ಇದ ಬಾಗಲಿಗೆ ಬರ್ತೈತಿ. ಹೇಳ್ರಿ ಈಗ, ಯಾಕ ಉಳದೀನಿ?"

ಇನಾಸ ನನ್ನ ಬಾಯಿಯನ್ನೇ ನೋಡುತ್ತಿದ್ದ. ಸಮಾಜಶಾಸ್ತ್ರದ ಒಂದು ಪುಟವೂ ನೆನಪಾಗಲಿಲ್ಲ. "ಗೊತ್ತಿಲ್ಲ ಮಾರಾಯ್ತಿ, ಹೋಗಬ್ಯಾಡ," ಎಂದೆ.

"ಅಕ್ಕಾ, ಬರ್ತೀಯೋ ಇಲ್ಲೋ? ಟೊಮೆಟೊ ಬಾಡಾಕತ್ತಾವು," ಎಂದ ಸಿದ್ದು.

"ನೀ ಹೋಗಪಾ," ಎಂದು ಗಂಗವ್ವ ಚೀಲ ಇಳಿಸಿಕೊಂಡು ಒಳಗೆ ಹೋದಳು.

ದೇಶದ ಯಾವ ಮೂಲೆಯಲ್ಲಿ ವಿಚ್ಛೇದನ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಪಂಡಿತರು ನೋಡಿಕೊಳ್ಳಲಿ. ಗಾಡಿ ಬಾಗಿಲಿಗೆ ಬಂದರೂ ಹತ್ತದವಳು ನನ್ನ ಹೆಂಡತಿ ಎಂದು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ. ಏಕೆ ಹತ್ತಲಿಲ್ಲವೆಂದು ಮಾತ್ರ ಈವರೆಗೆ ಕೇಳಿಲ್ಲ. ಕೇಳಿದರೆ ಅವಳೂ ಕುಳಿತು ಯೋಚಿಸತೊಡಗಿದರೆ ಏನು ಗತಿ? ಈಗಂತೂ ಬಸ್ಸುಗಳೂ ಓಡಾಡುತ್ತಿವೆ.