ಎದುರು ಕ್ಲಿನಿಕ್ಕಿನ ತುರಿಕೆ

ಸಂಜಯನಗರದ ಡಾಕ್ಟರ್ ಮುನಿವೆಂಕಟಯ್ಯನವರು ಕಿವಿ ಬದಿಯ ನಾಲ್ಕಾರು ನರೆಗೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣ. ಹಚ್ಚಿಸಿದ್ದು ಹೊಟ್ಟೆಕಿಚ್ಚು. ಎದುರಿಗೆ ಚರ್ಮದ ಡಾಕ್ಟರು ನಿಶಾತ್ ಬೋರ್ಡು ಹಾಕಿದ ಮೇಲೆ ಇವರ ರೋಗಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದ್ದರು. ಆಕೆಗಿನ್ನೂ ಚಿಕ್ಕ ವಯಸ್ಸು, ಜನಕ್ಕೆ ಅದೇ ಹಿಡಿಸಿರಬೇಕು ಎಂದು ಇವರ ಲೆಕ್ಕಾಚಾರ. ಆ ಬಾಗಿಲಲ್ಲಿ ಸಾಲು ಕಂಡಾಗಲೆಲ್ಲ ಕುಡಿದ ಕಾಫಿ ಕಹಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಹಣೆ, ಕಿವಿ, ಕತ್ತಿನ ತುಂಬ ಕೆಂಪು ದದ್ದು. ಕೆರೆದಷ್ಟೂ ಮುಖ ಪೂರಿಯಂತೆ ಉಬ್ಬಿತು. ಬಣ್ಣದ ಅಲರ್ಜಿ ಎಂದು ಅವರಿಗೆ ಆಗಲೇ ಹೊಳೆದಿತ್ತು, ಹೇಳಲು ಮಾತ್ರ ಮರ್ಯಾದೆ ಬಿಡಲಿಲ್ಲ.

"ಅಯ್ಯ ಡಾಕ್ಟರ, ಮುಖಕ್ಕೇನಾತ್ರೀ?" ಬಿ.ಪಿ. ನೋಡಿಸಲು ಬಂದ ಪಕ್ಕದ ಮನೆ ಶರಣವ್ವ ಗಾಬರಿಯಾದರು. "ಎದುರಿನ ಡಾಕ್ಟರಮ್ಮಗ ತೋರಸ್ರೀ."

"ನಾನೂ ಡಾಕ್ಟ್ರೇ ಕಣಮ್ಮ!"

ಶರಣವ್ವ ಕೇಳಬೇಕಲ್ಲ! ಕೈ ಹಿಡಿದು ಎಳೆದುಕೊಂಡೇ ಹೋದರು.

ನಿಶಾತ್ ಒಂದೇ ನೋಟಕ್ಕೆ ಕೇಳಿದರು, "ಸರ್, ಹೇರ್ ಡೈ ಹಾಕಿದ್ರಾ?"

ಬಾಗಿಲಲ್ಲಿ ಇವರ ಹಳೆಯ ರೋಗಿಗಳೆಲ್ಲ ಇಣುಕುತ್ತಿದ್ದರು. "ಛೆ! ಇದು ದೇವರು ಕೊಟ್ಟ ಕಪ್ಪು ಕಣ್ರೀ. ನಮ್ಮಮ್ಮನಾಣೆ!"

"ಹಾಗಾದ್ರೆ ಏನಂತ ಈಗ್ಲೇ ಹೇಳಕ್ಕಾಗಲ್ಲ ಸರ್. ಟೆಸ್ಟ್ ಮಾಡ್ಬೇಕು."

ಮುನಿವೆಂಕಟಯ್ಯನವರಿಗೆ ಉರಿಯಲ್ಲೂ ಹಬ್ಬದ ಸಂತೋಷ. ಸದ್ಯದ ತುರಿಕೆಗೆಂದು ಆಕೆ ಬರೆದುಕೊಟ್ಟ ಔಷಧಿ ಚೀಟಿಯನ್ನು ಕಸದ ಬುಟ್ಟಿಗೆ ಎಸೆದು, ತಮ್ಮ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು, ಹೋಗಿಬರುವವರಿಗೆಲ್ಲ ಮುಖ ತೋರಿಸಿದರು. "ನೋಡಿ, ನಿಮ್ಮ ಸ್ಪೆಷಲಿಸ್ಟಿಗೆ ಇದೇನಂತಾನೇ ಗೊತ್ತಾಗ್ಲಿಲ್ಲ!"

ಸಂಜೆ ಇವರ ಕ್ಲಿನಿಕ್ಕಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೊರಗೆ ಬಂದು ನೋಡಿದರೆ, ಉಳಿದಿದ್ದ ರೋಗಿಗಳೂ ನಿಶಾತ್ ಬಾಗಿಲಲ್ಲಿ ಸಾಲು ನಿಂತಿದ್ದಾರೆ. ಎಲ್ಲರಿಗಿಂತ ಮುಂದೆ ಶರಣವ್ವ, ಮೂಗಿಗೆ ಸೆರಗು ಒತ್ತಿಕೊಂಡು.

"ನಿಮಗೇನಾಯ್ತಮ್ಮ?"

"ದೂರ ನಿಂದರ್ರೀ! ಆ ಡಾಕ್ಟರಮ್ಮಗೂ ತಿಳೀಲಿಲ್ಲಂದ್ರ ಅದೆಂಥಾ ರೋಗ ಇರಬೇಕ್ರೀ! ನಾ ಬ್ಯಾರೆ ನಿಮ್ಮ ಕೈ ಹಿಡದೀನಿ!"

ಮುನಿವೆಂಕಟಯ್ಯನವರು ಮಾನ ಬಿಟ್ಟು ಕೂಗಿದರು. "ಅಯ್ಯೋ, ಅದು ಹೇರ್ ಡೈ ಕಣ್ರೀ! ನಾನು ಸುಳ್ಳು ಹೇಳಿದ್ದೆ!"

ಶರಣವ್ವನ ಕಣ್ಣು ತುಂಬಿ ಬಂತು.

"ನಾವು ಅಂಜಬಾರದಂತ ತಾಯಿ ಆಣಿನೂ ಸುಳ್ಳಂತಾರ ನೋಡ್ರೀ. ದೇವರಂಥಾ ಮನಷ್ಯಾ" ಎನ್ನುತ್ತ ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಸರಿದರು.