ಒಗ್ಗರಣೆ ಕೊಟ್ಟ ಆಲೂಬುಖಾರಾ ಜಾಮು

ಓದುವ ಹಿರಿಯರಿಗೂ ಅಕ್ಕತಂಗಿಯರಿಗೂ ನಮಸ್ಕಾರ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತೂ ಅಷ್ಟಕ್ಕಷ್ಟೆ. ಮಕ್ತಲ್‌ನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ಅನಂತರದ ಕನ್ನಡವೆಲ್ಲ ರದ್ದಿ ಕಾಗದದಿಂದ ಬಂದದ್ದು. ನಾರಾಯಣಪೇಟೆಯ ಬಸ್ ನಿಲ್ದಾಣದ ಬಳಿ ನಮ್ಮ ಮನೆಯವರಿಗೆ ಹಣ್ಣಿನ ಅಂಗಡಿ ಇದೆ. ಹಣ್ಣು ಕಟ್ಟಲು ರಾಯಚೂರಿನಿಂದ ಬರುವ ಹಳೆಯ ಪತ್ರಿಕೆಗಳನ್ನು ಹರಿಯುವ ಮೊದಲು ನಾನು ಓದಿಕೊಳ್ಳುತ್ತೇನೆ. ಆದ್ದರಿಂದ ನನಗೆ ತಿಳಿದಿರುವ ಅನೇಕ ಸುದ್ದಿಗಳಿಗೆ ಮೊದಲಿದೆ, ಕೊನೆಯಿಲ್ಲ. ಕೊನೆಯು ಯಾರದೋ ಮೋಸಂಬಿಯ ಜೊತೆಗೆ ಹೋಗಿರುತ್ತದೆ.

ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುವ ನಾನು ಹೀಗೆ ಬರೆಯಲು ಕೂತಿರುವುದಕ್ಕೆ ಒಂದೇ ಕಾರಣ. ನಮ್ಮ ಮನೆಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೇರೆಯಾಗಿಯೇ ತಲಪುತ್ತದೆ. ನಾವು ಕನ್ನಡದವರು, ಎದುರಿನ ಮನೆ ತೆಲುಗಿನದು, ಪಕ್ಕದ ಮನೆ ಉರ್ದುವಿನದು. ಒಂದು ಮಾತು ಗಲ್ಲಿ ದಾಟುವುದರೊಳಗೆ ಮೂರು ಅಂಗಿ ಬದಲಿಸುತ್ತದೆ. ತೆಲಂಗಾಣ ಬಂದ ವರ್ಷದ ಬೇಸಿಗೆಯಲ್ಲಿ ಇಂಥದೇ ಒಂದು ಮಾತಿನಿಂದ ನನ್ನ ಮಗಳ ಮದುವೆ ಮುರಿಯುವುದರಲ್ಲಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಬಂದ ಜ್ವರ

ಆ ವಾರ ನಮ್ಮ ಮನೆಯವರು ಜ್ವರದಿಂದ ಮಲಗಿ ಎದ್ದಿದ್ದರು. ಹೈದರಾಬಾದಿನ ಹಣ್ಣಿನ ಸಾವುಕಾರ ಫೋನ್ ಮಾಡಿ, ಗರಗರ ಎನ್ನುವ ಲೈನಿನಲ್ಲಿ, "ಆಲೂಬುಖಾರಾ ಆಯಾ, ಕಿತ್ನಾ?" ಎಂದು ಕೇಳಿದನಂತೆ. ಆಲೂಬುಖಾರಾ ಎಂದರೆ ಬೆಟ್ಟದ ಕಡೆಯಿಂದ ಬರುವ, ಕೆಂಪಗೆ ಗುಂಡಗಿರುವ ಹುಳಿಸಿಹಿ ಹಣ್ಣು. ಹಣ್ಣು ಬಂದಿದೆ, ಎಷ್ಟು ಕಳಿಸಲಿ ಎಂಬುದು ಅವನ ಪ್ರಶ್ನೆ. ಇವರ ಕಿವಿಗೆ ಬಿದ್ದದ್ದು ಬುಖಾರ್, ಅಂದರೆ ಜ್ವರ, ಮಾತ್ರ. ಜ್ವರ ಬಂದಿತ್ತಂತೆ, ಎಷ್ಟು ದಿನವಾಯಿತು ಎಂದು ವಿಚಾರಿಸುತ್ತಿದ್ದಾನೆಂದು ತಿಳಿದು, "ಹಾಂ ಭಾಯ್, ಆಯಾ. ಚಾರ್" ಎಂದರು.

ಮನೆಗೆ ಬಂದು ಸಾವುಕಾರನನ್ನು ಹೊಗಳಿದ್ದೇ ಹೊಗಳಿದ್ದು. ವ್ಯಾಪಾರದವನಾದರೂ ಎಷ್ಟು ಅಂತಃಕರಣ, ನಮ್ಮ ನೆಂಟರಿಷ್ಟರೇ ಹೀಗೆ ಕೇಳಲಿಲ್ಲ ಎಂದರು. ಮರುದಿನ ಬಸ್ಸಿನ ಮೇಲಿಂದ ನಾಲ್ಕು ಪೆಟ್ಟಿಗೆ ಇಳಿದವು.

ನಮ್ಮ ಅತ್ತೆಯವರು ಒಂದು ಪೆಟ್ಟಿಗೆಯ ಮುಚ್ಚಳ ಸರಿಸಿ ನೋಡಿ ಮಗನಿಗೆ ಹೇಳಿದರು: "ಗುಳಿಗಿ ತಗೊಂಡು ಓಡಿಸಿದ್ದೆಲ್ಲಪಾ, ಟಿಕೀಟ ತಗೊಂಡು ತಿರುಗಿ ಬಂದೈತಿ ನೋಡು."

ಉಟ್ಕೂರಿನವರ ಔಷಧ

ನಮ್ಮ ಕಡೆ ಆ ಹಣ್ಣನ್ನು ಕೇಳುವವರೇ ಇಲ್ಲ. ಹೆಸರು ಕೂಗಿದರಾದರೂ ಜನ ಬಂದಾರೆಂದು ಇವರು ಎರಡು ದಿನ "ಆಲೂಬುಖಾರಾ, ಆಲೂಬುಖಾರಾ" ಎಂದು ಕೂಗಿದರು. ಉಟ್ಕೂರಿಗೆ ಹೋಗುವ ಆಟೋ ಹತ್ತಿದ್ದ ರೈತರೊಬ್ಬರು ಇಳಿದು ಬಂದು, ಇದು ಬುಖಾರಿಗೆ ಒಳ್ಳೆಯದೇ ಎಂದು ಕೇಳಿದರು. ಅವರ ಹೆಂಡತಿಗೆ ಜ್ವರವಂತೆ. ಹೌದೆಂದರೆ ಸುಳ್ಳಾಗುತ್ತದೆ, ಅಲ್ಲವೆಂದರೆ ಹಣ್ಣು ಕೊಳೆಯುತ್ತದೆ. ತಿಂದರೆ ಕೆಡುಕೇನಿಲ್ಲ, ಆದರೆ ದವಾಖಾನೆಗೂ ತೋರಿಸಿರಿ ಎಂದು ಹೇಳಿ ಇವರು ಒಂದು ಚೀಲ ಕಟ್ಟಿಕೊಟ್ಟರು.

ಕೆಲವು ದಿನಗಳ ಮೇಲೆ ಆ ರೈತರು ಸೀದಾ ಅಂಗಡಿಗೆ ಬಂದರು. ಜಗಳಕ್ಕೇ ಬಂದರೆಂದು ಇವರು ತಕ್ಕಡಿಯ ಹಿಂದೆ ಸರಿದರು. ಅವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಹೆಂಡತಿ ಎದ್ದು ಹೊಲಕ್ಕೆ ಹೋಗುತ್ತಿದ್ದಾಳೆಂದು ಸಂತೋಷದಿಂದ ತಿಳಿಸಿದರು. ಬಳಿಕ ದನಿ ತಗ್ಗಿಸಿ ಕೇಳಿದರು: "ನಂದು ಮಣಕಾಲ ಭಾಳ ನೋಯ್ತಾವ್ರಿ. ಅದಕ್ಕ ಯಾವ ಹಣ್ಣು ಐತಿ?"

ಎದುರುಮನೆಯ ಚೀಲ

ಆದರೂ ಮೂರು ಪೆಟ್ಟಿಗೆ ಉಳಿದೇ ಉಳಿದವು. ಹಣ್ಣು ಮೆತ್ತಗಾಗತೊಡಗಿತು. ಪಕ್ಕದ ಮನೆಯ ಚಿಕ್ಕಮ್ಮ, ನಾವು ಖಾಲಾ ಎನ್ನುವವರು, ಗೋಡೆಯ ಮೇಲಿಂದ ನೋಡಿ, "ಫೇಂಕೋ ನಕ್ಕೋ ಬೇಟಿ" ಎಂದು ನಾನು ಎಸೆಯುವುದನ್ನು ತಡೆದರು. ಬೀಜ ತೆಗೆದು, ಸಕ್ಕರೆ ಹಾಕಿ ಕುದಿಸಿ, ದಾಲ್ಚಿನ್ನಿ, ಲವಂಗ, ಶುಂಠಿ, ಮೆಣಸು ಕುಟ್ಟಿ ಸೇರಿಸಿದರೆ ವರ್ಷವಿಡೀ ಕೆಡುವುದಿಲ್ಲ ಎಂದರು. ಇದನ್ನೇ ಜಾಮ್ ಎನ್ನುತ್ತಾರೆಂದು ಮಗಳು ಹೇಳಿದಳು.

ಮಗಳು ಹೇಳಿದ್ದು ಎದುರುಮನೆಯವರಿಗೆ ಕೇಳಿಸಿತು. ತೆಲುಗಿನಲ್ಲಿ ಜಾಮ ಎಂದರೆ ಪೇರಲಹಣ್ಣು. ನಮ್ಮಲ್ಲಿ ಜಾಮ ಪೆಟ್ಟಿಗೆಗಟ್ಟಲೆ ಬಂದು ಕೊಳೆಯುತ್ತಿದೆಯಂತೆ ಎಂದು ಆ ಮನೆಯ ಅಕ್ಕ ದೊಡ್ಡ ಚೀಲ ಹಿಡಿದು ಬಂದರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಇವರು ನಿಲ್ದಾಣಕ್ಕೆ ಓಡಿ, ಬೇರೊಬ್ಬ ಹಣ್ಣಿನವರಿಂದ ಪೇರಲ ಕೊಂಡು ತಂದರು. ಬಿಟ್ಟಿ ಹಣ್ಣನ್ನು ನಾವು ಕೊಂಡು ಕೊಟ್ಟದ್ದು ಅದೇ ಮೊದಲು.

ಒಗ್ಗರಣೆ

ಜಾಮು ಮಾಡುವುದು ತಾಳ್ಮೆಯ ಕೆಲಸ. ಮೊದಲು ಹಣ್ಣು ನೀರೊಡೆಯುತ್ತದೆ, ಬಳಿಕ ನೊರೆ ಬರುತ್ತದೆ. ನೊರೆ ಅಡಗಿ ಗುಳುಗುಳು ಎನ್ನುವಾಗ ಕೈಬಿಡದೆ ತಿರುವಬೇಕು. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿದರೆ ಅದು ಹರಿಯದೆ ನಿಲ್ಲಬೇಕು. ಮನೆಯ ಸಕ್ಕರೆಯೆಲ್ಲ ಸುರಿದು, ಸಾಲದೆ ತಂದು ಸುರಿದು, ಹನಿ ಇನ್ನೇನು ನಿಲ್ಲುತ್ತದೆ ಎನ್ನುವಾಗ ಸೌಟನ್ನು ಅತ್ತೆಯವರ ಕೈಗೆ ಕೊಟ್ಟು ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದೆ.

ಮೇಲಿರುವಾಗಲೇ ಕೆಳಗಿನಿಂದ ಚುಂಯ್ ಎಂದು ಸದ್ದು ಬಂತು. ಓಡಿ ಬಂದು ನೋಡುತ್ತೇನೆ, ಅತ್ತೆಯವರು ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಜಾಮಿನ ಮೇಲೆ ಹೊಯ್ದು ಮುಚ್ಚಳ ಮುಚ್ಚುತ್ತಿದ್ದರು. ನನಗೆ ಅಳು ಬಂತು. ಅವರು ಸಮಾಧಾನದಿಂದ, "ಒಗ್ಗರಣಿ ಇಲ್ಲದ ಅಡಿಗಿ ಈ ಮನ್ಯಾಗ ಎಂದೂ ಒಲಿ ಇಳದಿಲ್ಲ. ನೀ ಮರತಿದ್ದಿ, ನಾ ಹಾಕಿದೆ" ಎಂದರು.

ಖಾಲಾ ಬಂದು ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿದರು. ಮತ್ತೊಮ್ಮೆ ಬೆರಳು ಅದ್ದಿದರು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಕೊನೆಗೆ ಅವರು ಕೇಳಿದರು: "ರೊಟ್ಟಿ ಐತಾ?"

ಬಾಟಲಿ

ಮನೆಯ ಭರಣಿಗಳೆಲ್ಲ ಉಪ್ಪಿನಕಾಯಿಯಿಂದ ತುಂಬಿದ್ದವು. ಇವರು ಗುಜರಿ ಅಂಗಡಿಯಿಂದ ಗಾಜಿನ ಬಾಟಲಿ ತಂದುಕೊಟ್ಟರು. ಔಷಧದವೆಂದು ತಿಳಿದು ನಾನು ಬಿಸಿನೀರಿನಲ್ಲಿ ಕುದಿಸಿ ತೊಳೆದೆ. ಚೀಟಿಗಳೆಲ್ಲ ಕಿತ್ತು ಬಂದವು. ಒಂದರ ಮೇಲಿನ ಕುದುರೆಯ ಚಿತ್ರ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಅವು ಬ್ರಾಂದಿಯ ಬಾಟಲಿಗಳೆಂದು ಮಗಳು ಹೇಳುವಷ್ಟರಲ್ಲಿ ಲಾಳಿಕೆಯಿಟ್ಟು ಬಿಸಿ ಜಾಮು ತುಂಬಿಯಾಗಿತ್ತು.

ಬೆಳಗಾಗುವಾಗ ಜಾಮು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಆ ಸಣ್ಣ ಬಾಯಿಯೊಳಗೆ ಚಮಚ ಹೋಗದು, ಬೆರಳು ಹೋಗದು. ಇವರು ಹಟ ಹಿಡಿದು ಬುಡ ಮೇಲೆ ಮಾಡಿ ತಟ್ಟಿದರೂ ಅದು ಇದ್ದಲ್ಲಿಯೇ ಇತ್ತು. ವರ್ಷವಿಡೀ ಕೆಡುವುದಿಲ್ಲ ಎಂದಿದ್ದ ಖಾಲಾ ಅವರ ಮಾತು ನಿಜವಾಯಿತು. ಅದನ್ನು ತಿನ್ನಲು ಇರುವೆಗೂ ಸಾಧ್ಯವಿರಲಿಲ್ಲ.

ಫೋನು

ಇಷ್ಟೆಲ್ಲದರ ನಡುವೆ ಗದ್ವಾಲಿನ ಒಂದು ಮನೆಯವರು ನಮ್ಮ ಮಗಳನ್ನು ನೋಡಿ, ಒಪ್ಪಿ ಹೋಗಿದ್ದರು. ಸಕ್ಕರೆ ತಿನ್ನುವ ಶಾಸ್ತ್ರವೊಂದು ಉಳಿದಿತ್ತು. ನಮ್ಮ ಕಡೆ ಎರಡೂ ಮನೆಯವರು ಕೂತು ಒಬ್ಬರ ಕೈಯಿಂದ ಇನ್ನೊಬ್ಬರು ಸಕ್ಕರೆ ತಿಂದರೆ ಮಾತು ಗಟ್ಟಿಯಾದಂತೆ. ಹುಡುಗನ ಸುದ್ದಿ ಬಂದಾಗಲೆಲ್ಲ ಮಗಳು ಒಳಕೋಣೆಗೆ ಹೋಗಿ ಇಲ್ಲದ ಕೆಲಸ ಮಾಡುತ್ತಿದ್ದಳು. ಅವಳ ಮನಸ್ಸು ಎಲ್ಲಿದೆ ಎಂಬುದು ತಾಯಿಗೆ ತಿಳಿಯದೆ ಇರುತ್ತದೆಯೇ.

ಆ ಮನೆಯಲ್ಲಿ ಹುಡುಗನ ಅಜ್ಜನ ಮಾತೇ ಕೊನೆ. ಅವರು ನಿಜಾಮರ ಕಾಲದಲ್ಲಿ ಉರ್ದು ಓದಿದವರು. ಲಿಂಗಪೂಜೆಯಾಗದೆ ನೀರು ಮುಟ್ಟದವರು. ಕುಡಿಯುವವರ ಮನೆಯ ಹೊಸ್ತಿಲು ತುಳಿಯದವರು. ಅವರು ಫೋನ್ ಮಾಡಿದಾಗ ನಾನು ನಾಚಿ ಅತ್ತೆಯವರ ಕೈಗೆ ಕೊಟ್ಟೆ. ನಿಮ್ಮ ಸೊಸೆ ಏನು ಮಾಡುತ್ತಿದ್ದಾಳೆಂದು ಅವರು ಕೇಳಿರಬೇಕು. ಅತ್ತೆಯವರು ಊರಿಗೇ ಕೇಳಿಸುವಂತೆ ಹೇಳಿದರು: "ಜಾಮ್ ಮಾಡ್ಯಾಳ್ರಿ. ಹಣ್ಣು ಕೊಳತಿದ್ದುವು, ಕುದಿಸಿ ಬಾಟಲಿ ತುಂಬ್ಯಾಳ. ನನ್ನ ಮಗ ಮುಂಜಾನೆದ್ದು ಬಾಟಲಿ ಹಿಡಕೊಂಡ ಕುಂತಾನ, ಬಿಡವಲ್ಲ."

ಆ ಕಡೆಯಿಂದ ಫೋನು ಕಟ್ಟಾಯಿತು.

ಏನೂ ತಿಳಿಯದೆ ಖಾಲಾ ಅವರಿಗೆ ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ಉರ್ದುವಿನಲ್ಲಿ ಜಾಮ್ ಎಂದರೆ ಸೆರೆ, ಅಂದರೆ ಹೆಂಡ, ಕುಡಿಯುವ ಬಟ್ಟಲಂತೆ. ಸಂಜೆಯೇ ಸಂಬಂಧ ತಂದವರು ಬಂದು, ಗದ್ವಾಲಿನವರು ಸ್ವಲ್ಪ ವಿಚಾರ ಮಾಡುತ್ತಾರಂತೆ ಎಂದು ನೆಲ ನೋಡುತ್ತ ತಿಳಿಸಿದರು. ನಮ್ಮ ಮನೆಯವರು ಎಷ್ಟೋ ಸಲ ಫೋನ್ ಮಾಡಿ ಅದು ಹಣ್ಣಿನ ಜಾಮ್ ಎಂದು ಬಿಡಿಸಿ ಹೇಳಿದರು. ಅಜ್ಜನವರ ಉತ್ತರ ಒಂದೇ: "ಎಲ್ಲಾ ಜಾಮೂ ಹಣ್ಣಿಂದೇ ಇರತೈತಿ."

ಇಬ್ಬರಿಗೂ ಜಾಮು

ಮಗಳು ಊಟ ಬಿಟ್ಟಳು. ತೆಲಂಗಾಣ ಬಂತೆಂದು ಊರೆಲ್ಲ ಗುಲಾಲು ಎರಚಿಕೊಂಡು ಕುಣಿಯುವ ದಿನ ನಮ್ಮ ಮನೆಯಲ್ಲಿ ಮಾತ್ರ ಯಾರೋ ತೀರಿಕೊಂಡ ಹಾಗೆ ಇತ್ತು. ಅಷ್ಟರಲ್ಲಿ ಫೋನು ಬಂತು. ಕಣ್ಣಾರೆ ನೋಡಿಯೇ ತೀರ್ಮಾನಿಸುವೆನೆಂದು ಅಜ್ಜನವರು ಮಗ ಸೊಸೆಯರೊಡನೆ ಜೀಪಿನಲ್ಲಿ ಹೊರಟಿದ್ದರು. ಮಕ್ತಲ್‌ನಲ್ಲಿ ಮೆರವಣಿಗೆಗೆ ಸಿಕ್ಕಿ ಜೀಪು ಮುಂದೆ ಸಾಗುತ್ತಿರಲಿಲ್ಲ. ಮಗಳ ಅತ್ತೆಯಾಗಬೇಕಾದವರು, ತಡವಾಗುತ್ತದೆ, ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದೇವೆ ಎಂದರು.

ನಮ್ಮ ಅತ್ತೆಯವರು ನಿಟ್ಟುಸಿರು ಬಿಟ್ಟು ಹೇಳಿದರು: "ನಾವೂ ಅದರಾಗ ಸಿಕ್ಕೊಂಡೀವ್ರೆವ್ವಾ. ನೀವರ ಸಂಜಿಗೆ ಹೊರಗ ಬರ್ತೀರಿ."

ಸಕ್ಕರೆ

ಬಾಟಲಿಗಳನ್ನು ಅಡಗಿಸಿಡಬೇಕೆಂದು ನಾನು ಹುಡುಕಿದರೆ ಒಂದೂ ಇಲ್ಲ. ಬಿಸಿಲಿಗೆ ಕಾಯ್ದರೆ ಜಾಮು ಕರಗಿ ಹೊರಬರಬಹುದೆಂದು ಅತ್ತೆಯವರು ಅವನ್ನೆಲ್ಲ ಬಾಗಿಲ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ನಾನು ಹೊರಗೆ ಓಡುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಅಜ್ಜನವರು ಇಳಿದರು. ಬಿಳಿಯ ಧೋತರ, ಬಿಳಿಯ ರುಮಾಲು, ಹಣೆಯ ತುಂಬ ವಿಭೂತಿ. ಅವರ ಎದುರಿಗೆ ಮೊದಲು ಇದ್ದದ್ದೇ ಕುದುರೆಯ ಚಿತ್ರದ ಬಾಟಲಿ. ನಮ್ಮ ಮನೆಯವರು ಕೈ ಜೋಡಿಸಿ ಕಟ್ಟೆಯ ಪಕ್ಕಕ್ಕೆ ಸರಿದರು. ಬಾಗಿಲ ಸಂದಿಯಲ್ಲಿ ಮಗಳ ಸೀರೆಯ ಅಂಚು ಕಂಡಿತು, ಅದು ಒಳಗೂ ಹೋಗದು, ಹೊರಗೂ ಬಾರದು. ಅದನ್ನು ನೋಡಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಜೀವನದಲ್ಲಿ ಮೊದಲ ಸಲ ಗಂಡಸರ ನಡುವೆ ಬಾಯಿ ತೆರೆದೆ.

"ಅಜ್ಜಾರ, ಅದು ಕುಡಿಯೂದಲ್ರಿ. ರೊಟ್ಟಿಗೆ ಹಚ್ಚೂದು. ನೀವ ಬಗ್ಗಿಸಿ ನೋಡ್ರಿ."

ಅವರು ನನ್ನನ್ನು ನೋಡಿದರು, ಬಾಟಲಿಯನ್ನು ನೋಡಿದರು. ಬಿರಡೆ ತೆಗೆದು ಮೂಸಿದರು. ಬಗ್ಗಿಸಿದರು, ಏನೂ ಬರಲಿಲ್ಲ. ಬುಡ ಮೇಲೆ ಮಾಡಿದರು, ಆಗಲೂ ಬರಲಿಲ್ಲ. ಬುಡಕ್ಕೆ ಎರಡು ಏಟು ಕೊಟ್ಟು, ಮೇಲೆತ್ತಿ ಒಂದು ಕಣ್ಣು ಮುಚ್ಚಿ ಬಾಯಿಯೊಳಗೆ ಇಣುಕಿದರು. ಬಿಸಿಲಿಗೆ ಕಾಯ್ದಿದ್ದ ಜಾಮು ಅದೇ ಗಳಿಗೆಯನ್ನು ಕಾಯುತ್ತಿತ್ತೋ ಏನೋ, ಒಂದು ಮುದ್ದೆ ಪಚಕ್ಕನೆ ಜಾರಿ ಅವರ ಮೀಸೆಯ ಮೇಲೆ ಬಿತ್ತು.

ಅಜ್ಜನವರ ನಾಲಿಗೆ ಮೆಲ್ಲನೆ ಹೊರಬಂದು ಮೀಸೆಯ ಒಂದು ತುದಿಯನ್ನು ಮುಟ್ಟಿತು, ಬಳಿಕ ಇನ್ನೊಂದು ತುದಿಯನ್ನು. ಹಲ್ಲಿಗೆ ಏನೋ ಸಿಕ್ಕು ಚಟ್ ಎಂದಿತು. ಅವರು ಅದನ್ನು ಅಗಿದು, ಮಗನತ್ತ ತಿರುಗಿ ಹೇಳಿದರು: "ಸಾಸಿವಿ ಐತಿ. ಸೆರೆಗೆ ಯಾರೂ ಒಗ್ಗರಣಿ ಕೊಡೂದಿಲ್ಲ."

ಮೀಸೆ ಒರೆಸಿಕೊಂಡು ಮತ್ತೆ ಬಾಟಲಿ ನೋಡಿದರು. "ಇಂಥಾ ಜಾಮ್ ಮಾರಿದ್ರ ನಮ್ಮ ಗದ್ವಾಲಾಗ ಒಬ್ಬನೂ ಕುಡದು ಬೀಳತಿರಲಿಲ್ಲ. ಬಾಟಲಿ ಬಡಕೋತ ನೆಟ್ಟಗ ನಿಂತಿರತಿದ್ರು."

ಮೊದಲು ನಕ್ಕವರು ಅವರ ಸೊಸೆ. ಬಳಿಕ ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣೀರು ಬಂತು. ಹಗುರವಾದಾಗಲೂ ಕಣ್ಣೀರು ಬರುತ್ತದೆಂದು ಅಂದೇ ತಿಳಿದದ್ದು.

ಅಜ್ಜನವರು ಕಂಬಳಿಯ ಮೇಲೆ ಕೂತು, ಬಂದದ್ದು ಬಂದಿದ್ದೇವೆ, ಸಕ್ಕರೆ ತಿಂದೇ ಹೋಗೋಣ, ಸಕ್ಕರೆ ತನ್ನಿರಿ ಎಂದರು. ನಾನೂ ನಮ್ಮ ಮನೆಯವರೂ ಮುಖ ನೋಡಿಕೊಂಡೆವು. ಮನೆಯಲ್ಲಿ ಒಂದು ಹರಳು ಸಕ್ಕರೆ ಇರಲಿಲ್ಲ. ತೆಲಂಗಾಣ ಬಂದ ಸಡಗರಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು. ಖಾಲಾ ಅವರ ಡಬ್ಬಿಯನ್ನೂ ನಾನು ಮೊದಲೇ ಬರಿದು ಮಾಡಿದ್ದೆ. ಇದ್ದ ಸಕ್ಕರೆಯೆಲ್ಲ ಬಾಟಲಿಯಲ್ಲಿದೆ ಎಂದು ತಲೆ ತಗ್ಗಿಸಿ ಹೇಳಿದೆ.

"ಇದ್ದಲ್ಲಿಂದನ ತಗೀರಿ" ಎಂದು ಅಜ್ಜನವರು ಅಂಗೈ ಚಾಚಿದರು.

ಅವರ ಹಿಂದೆ ಎಲ್ಲರೂ ಅಂಗೈ ಚಾಚಿದರು. ನಮ್ಮ ಮನೆಯವರು ಬಾಟಲಿಯನ್ನು ಬುಡ ಮೇಲೆ ಹಿಡಿದು ತಟ್ಟತೊಡಗಿದರು. ಜಾಮು ಸ್ವಲ್ಪ ಇಳಿಯುವುದು, ಮತ್ತೆ ನಿಲ್ಲುವುದು. ಎರಡು ಮನೆತನಗಳು ಅಂಗೈ ಚಾಚಿಕೊಂಡು ಆ ಕುದುರೆಯ ಚಿತ್ರವನ್ನೇ ನೋಡುತ್ತ ಕೂತಿದ್ದವು. ಹೊರಗೆ ಮೆರವಣಿಗೆಯ ಡೊಳ್ಳು, ಒಳಗೆ ಬಾಟಲಿಯ ಬುಡಕ್ಕೆ ಬೀಳುವ ಏಟು. ಆಗ ನಮ್ಮ ಅತ್ತೆಯವರು ಮುಂದಕ್ಕೆ ಬಾಗಿ, ಬಾಟಲಿಯನ್ನು ದಿಟ್ಟಿಸಿ, ಮಗನಿಗೆ ಧೈರ್ಯ ಹೇಳಿದರು:

"ಬಡಿ, ಇನ್ನೊಂದು ಬಡಿ. ಸಂಬಂಧ ಕೊರಳತನಕ ಬಂದೈತಿ."

ಇಷ್ಟೇ ನನ್ನ ಬರಹ. ಕಾಗುಣಿತದಲ್ಲಿಯೂ ಮಾತಿನಲ್ಲಿಯೂ ತಪ್ಪಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.